ಎದ್ದು ನಿಲ್ಲುವ ತಂತ್ರಾಂಶ

ತಂತ್ರಾಂಶ ಬರೆಯುವ ಮುನ್ನ ಅದನ್ನು ಬಳಸುವವರಿಗೆ ಏನು ಬೇಕೆಂದು ಅವರನ್ನೇ ಕೇಳಿ ತಿಳಿಯತಕ್ಕದ್ದು ಎಂಬುದು ಕಂಪನಿಯ ಮೊದಲನೆಯ ನಿಯಮ. ಕೇಳಲು ಹೋದವನು ಅದರಲ್ಲಿ ತನ್ನ ಸ್ವಂತ ಬುದ್ಧಿ ಸೇರಿಸತಕ್ಕದ್ದಲ್ಲ ಎಂಬುದು ಎರಡನೆಯದು. ಕನಕಪುರದ ನಟರಾಜು ಈ ಎರಡನೆಯ ನಿಯಮವನ್ನು ಪಾಲಿಸುವುದರಲ್ಲಿ ಎಂಥ ಗಟ್ಟಿಗನೆಂದರೆ, ಇಂದಿನವರೆಗೆ ಆ ಬಗ್ಗೆ ಒಂದು ದೂರೂ ಬಂದಿಲ್ಲ.

ಅವನಿನ್ನೂ ಪ್ರೊಬೇಷನ್ ಮೇಲಿದ್ದ. ಸಾತನೂರಿನ ಆಚೆ ಜಾಲಿಕಟ್ಟೆದೊಡ್ಡಿಯ ಹಾಲಿನ ಸೊಸೈಟಿಗೆ ತಂತ್ರಾಂಶ ಬೇಕಾಗಿದೆ, ಅಲ್ಲಿಯವರನ್ನು ಸಂದರ್ಶಿಸಿ ಅಗತ್ಯಗಳ ವಿವರಣಾ ಪತ್ರ ಬರೆದು ಎಲ್ಲರ ಸಹಿ ಹಾಕಿಸಿಕೊಂಡು ಬಂದರೆ ಪರ್ಮನೆಂಟ್ ಮಾಡುತ್ತೇವೆ ಎಂದು ಮ್ಯಾನೇಜರ್ ಶಾಲಿನಿ ಹೇಳಿದ್ದರು. ಪರ್ಮನೆಂಟ್ ಆದರೆ ಮದುವೆ ಎಂದು ಮಾಗಡಿಯ ಬೋರಲಿಂಗಯ್ಯನವರು ಹೇಳಿದ್ದರು. ಅವರ ಮಗಳು ರಾಧಾಮಣಿ ಏನೂ ಷರತ್ತು ಹಾಕಿರಲಿಲ್ಲ. ಅವಳೆಂದರೆ ನಟರಾಜುವಿಗೆ ಪ್ರಾಣ.

ಮೊದಲ ಸಂದರ್ಶನ ಸೊಸೈಟಿ ಅಧ್ಯಕ್ಷ ಮುನಿಶಾಮಯ್ಯನವರದು. ಈಗಿನ ವ್ಯವಸ್ಥೆಯಲ್ಲಿ ತಮಗಿರುವ ತೊಂದರೆಗಳೇನು ಎಂದು ನಟರಾಜು ಕಂಪನಿ ಕೊಟ್ಟ ಪ್ರಶ್ನೆಗಳ ಹಾಳೆಯಿಂದ ಓದಿದ. ಬಂದವನು ಯಾವ ಊರು, ಯಾರ ಮನೆ ಎಂದು ಗೊತ್ತಾಗದೆ ತೊಂದರೆ ಹೇಳಿಕೊಳ್ಳುವ ಪದ್ಧತಿ ಆ ಕಡೆ ಇಲ್ಲ. ಅಧ್ಯಕ್ಷರು ಅವನ ಊರು ಕೇಳಿದರು, ಅಪ್ಪನನ್ನು ಕೇಳಿದರು, ತಾಯಿಯ ತವರು ಕೇಳಿದರು. ತವರು ಸಾತನೂರೇ ಎಂದು ತಿಳಿದ ಮೇಲೆ ಇನ್ನೊಂದು ಲೋಟ ಕಾಫಿ ಬಂತು. ನಟರಾಜು ಎಲ್ಲವನ್ನೂ ಬರೆದುಕೊಂಡ. ಕೊನೆಗೆ, ತಂತ್ರಾಂಶ ಏನು ಮಾಡಬೇಕು ಎಂದು ಕೇಳಿದ.

ಮುನಿಶಾಮಯ್ಯನವರು ಲೋಟ ಕೆಳಗಿಟ್ಟರು. "ಏನಾದ್ರೂ ಮಾಡ್ಲಪ್ಪ. ನಾನು ಒಳಕ್ಕೆ ಬಂದಾಗ ಒಸಿ ಎದ್ದು ನಿಂತ್ಕೊಂಡ್ರೆ ಸಾಕು. ಇವಾಗ ಯಾರೂ ಏಳಾಕಿಲ್ಲ."

ಬರೆಯುವ ಕೈ ಒಂದು ಕ್ಷಣ ತಡೆಯಿತು. ತಡೆದದ್ದು ಸ್ವಂತ ಬುದ್ಧಿ ಎಂದು ಅರಿವಾಗಿ ನಟರಾಜು ನಾಚಿಕೊಂಡ, ಬರೆದ.

ಆಮೇಲೆ ಹಾಲು ಹಾಕುವ ಅಂಬುಜಮ್ಮ. ಅವರೂ ತವರಿನಿಂದಲೇ ಶುರು ಮಾಡಿ ನಿಧಾನವಾಗಿ ವಿಷಯಕ್ಕೆ ಬಂದರು. "ಫ್ಯಾಟ್ ಕಮ್ಮಿ ಬಂದ್ರೆ ಎಲ್ರ ಮುಂದೂ ಕೂಗಿ ಹೇಳ್ಬಾರ್ದು ಕಣಪ್ಪ. ನನ್ನ ಸೊಸೆ ಕ್ಯೂನಾಗೇ ನಿಂತಿರ್ತಾಳೆ. ಪಕ್ಕಕ್ಕೆ ಕರ್ದು ಕಿವಿಯಾಗೆ ಹೇಳ್ಬೇಕು." ಎರಡು ಹಸು ಕಟ್ಟಿದ್ದ ಖತೀಜಾ, ಹಾಲು ಕಡಿಮೆಯಾದ ದಿನ ಬರೆದುಕೊಂಡು ಸುಮ್ಮನಾಗದೆ ಕರು ಹೇಗಿದೆ ಎಂದು ವಿಚಾರಿಸುವಂಥದ್ದು ಬೇಕು ಎಂದರು. ಕರೆಂಟು ಹೋದಾಗ ನಿಲ್ಲಬಾರದು ಎಂಬುದರಲ್ಲಿ ಊರಿಗೆ ಊರೇ ಒಮ್ಮತವಾಗಿತ್ತು.

ವಿವರಣಾ ಪತ್ರ ಸಿದ್ಧವಾಯಿತು. ತಂತ್ರಾಂಶವು ತಾನು ಯಾವ ಊರಿನದು, ಯಾರ ಮನೆಯದು ಎಂಬುದನ್ನು ಮೊದಲಿಗೇ ತಿಳಿಯಪಡಿಸತಕ್ಕದ್ದು. ಕಾಫಿ ಕೊಟ್ಟಲ್ಲಿ ಬೇಡವೆನ್ನತಕ್ಕದ್ದಲ್ಲ. ಮಾನ್ಯ ಅಧ್ಯಕ್ಷರು ಆಗಮಿಸಿದ ಕೂಡಲೇ ಎದ್ದು ನಿಲ್ಲತಕ್ಕದ್ದು. ಜಿಡ್ಡಿನ ಅಂಶ ಕಡಿಮೆಯಿದ್ದಲ್ಲಿ ಸದಸ್ಯರ ಕಿವಿಯಲ್ಲಿ, ಸೊಸೆಗೆ ಕೇಳಿಸದಂತೆ, ತಿಳಿಸತಕ್ಕದ್ದು. ಸಭೆಯಲ್ಲಿ ಓದಿ ಹೇಳಿದಾಗ ಪ್ರತಿಯೊಬ್ಬರಿಗೂ ತಮ್ಮ ಮಾತು ಸಿಕ್ಕಿತು. ಸರ್ಕಾರದವರು ಬರೆದ ಯಾವ ಕಾಗದದಲ್ಲೂ ಇಷ್ಟು ನಿಜ ಇರಲಿಲ್ಲ ಎಂದು ಖುಷಿಯಿಂದ ಎಲ್ಲರೂ ಸಹಿ ಹಾಕಿದರು.

ಕಂಪನಿಗೆ ಮೂರನೆಯ ನಿಯಮವೂ ಇದೆ. ಕೇಳಿದ್ದೆಲ್ಲವನ್ನೂ ಮಾಡಬಲ್ಲ ಸಿದ್ಧ ಸರಕು ತನ್ನಲ್ಲೇ ಇದ್ದರೆ ಹೊಸದಾಗಿ ಏನನ್ನೂ ತಯಾರಿಸತಕ್ಕದ್ದಲ್ಲ. ಎಂಜಿನಿಯರುಗಳು ಪತ್ರ ಓದಿ, ಇಂಥದ್ದು ನಮ್ಮಲ್ಲಿ ಒಂದೇ ಇದೆ ಎಂದು ನಟರಾಜುವಿನ ಕಡೆ ನೋಡಿದರು. ಪರೀಕ್ಷೆ ಅಂದೇ ನಡೆಯಿತು. ಕಾಫಿ ಕೊಟ್ಟರು, ಕುಡಿದ. ಮೇನ್ ಸ್ವಿಚ್ ತೆಗೆದರು, ಅವನು ನಿಲ್ಲಲಿಲ್ಲ. ಅಧ್ಯಕ್ಷರ ಸ್ಥಾನದಲ್ಲಿ ಶಾಲಿನಿ ಒಳಗೆ ಬಂದರು, ಎದ್ದ. ತೇರ್ಗಡೆ ಎಂದು ಬರೆದು ಪರೀಕ್ಷೆ ಮುಗಿಸಿದರು.

"ಮೇಡಂ, ನಾನು ಮನುಷ್ಯ," ಎಂದ ನಟರಾಜು.

ಶಾಲಿನಿ ಪತ್ರವನ್ನು ಮೊದಲಿಂದ ಕೊನೆಯವರೆಗೆ ತಿರುವಿ ನೋಡಿದರು. "ಮನುಷ್ಯ ಆಗಿರಬಾರದು ಅಂತ ಎಲ್ಲೂ ಇಲ್ವಲ್ಲ, ನಟರಾಜು. ಬರೆದಿದ್ದು ನೀವೇ."

ಅದು ನಿಜವಾಗಿತ್ತು. ಪರ್ಮನೆಂಟ್ ವಿಚಾರ ಕೇಳಿದ್ದಕ್ಕೆ, ಪರ್ಮನೆಂಟ್ ಮಾಡುವುದು ನೌಕರರನ್ನು, ತಂತ್ರಾಂಶಕ್ಕೆ ಆ ಅವಕಾಶವಿಲ್ಲ ಎಂದು ವಿಷಾದಿಸಿದರು. ಹಾಜರಿ ಪುಸ್ತಕದಿಂದ ಅವನ ಹೆಸರು ತೆಗೆದು ದಾಸ್ತಾನಿಗೆ ಸೇರಿಸಿ, ಸೊಸೈಟಿಯ ಹೆಸರಿಗೆ ಜೀವಿತಾವಧಿಯ ಪರವಾನಗಿ ಬರೆದುಕೊಟ್ಟರು. ಆ ರಾತ್ರಿ ನಟರಾಜುವಿಗೆ ನಿದ್ದೆ ಹತ್ತಲಿಲ್ಲ. ಪರ್ಮನೆಂಟೂ ಹೋಯಿತು, ರಾಧಾಮಣಿಯೂ ಹೋದಳು ಎಂದು ಅತ್ತ. ತಂತ್ರಾಂಶ ಅಳಬಾರದೆಂದು ಎಲ್ಲೂ ಬರೆದಿರಲಿಲ್ಲ.

ಮಾಗಡಿಗೆ ಹೋಗಿ ಪರವಾನಗಿಯನ್ನು ಬೋರಲಿಂಗಯ್ಯನವರ ಮುಂದಿಟ್ಟು ತಲೆ ತಗ್ಗಿಸಿ ನಿಂತ. ಅವರು ಕನ್ನಡಕ ಹಾಕಿಕೊಂಡು ಓದಿದರು. "ಪರ್ಮನೆಂಟ್ ಆದೋರ್ನ ಅರವತ್ತಕ್ಕೆ ಮನೇಗೆ ಕಳುಸ್ತಾರೆ. ಇದು ಆಯಸ್ಸಿರೋಗಂಟ ಐತಲ್ಲಯ್ಯ," ಎಂದು ಹೇಳಿ, ಆ ವಾರವೇ ಲಗ್ನ ಕಟ್ಟಿಸಿದರು.

ಅಷ್ಟರಲ್ಲಿ ನಟರಾಜು ಸೊಸೈಟಿಯಲ್ಲಿ ಹಾಲು ಅಳೆಯತೊಡಗಿದ್ದ. ಅಲ್ಲಿಯ ಬಾಗಿಲಿಗೆ ಪ್ರಕಟಣೆ ಬಿತ್ತು. 'ಸದಸ್ಯರ ಗಮನಕ್ಕೆ: ತಂತ್ರಾಂಶದ ವಿವಾಹದ ಪ್ರಯುಕ್ತ ನಾಳೆ ಬೆಳಿಗ್ಗೆ ಹಾಲು ಅಳೆಯಲಾಗುವುದಿಲ್ಲ. ಕರುಗಳ ಯೋಗಕ್ಷೇಮವನ್ನು ಸಂಜೆ ವಿಚಾರಿಸಲಾಗುವುದು.'

ಮಾಗಡಿಯ ಛತ್ರದಲ್ಲಿ ಮುಹೂರ್ತ. ನಟರಾಜು ತಾಳಿ ಕೈಗೆ ತೆಗೆದುಕೊಳ್ಳುವುದಕ್ಕೂ ಮುನಿಶಾಮಯ್ಯನವರು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಅವನು ತಾಳಿ ಹಿಡಿದುಕೊಂಡೇ ಹಸೆಮಣೆಯಿಂದ ಎದ್ದು ನಿಂತ. ವಾಲಗದವರು ಊದುವುದನ್ನು ನಿಲ್ಲಿಸಿದರು. ಪುರೋಹಿತರು ಮುಹೂರ್ತ ಮೀರುತ್ತದೆ, ಕೂತುಕೊಳ್ಳಪ್ಪ ಎಂದು ಗದರಿದರು. ಅವನು ಕೂರಲಿಲ್ಲ. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತು ಕೈಸನ್ನೆ ಮಾಡಿದರೂ ಕೂರಲಿಲ್ಲ. ರಾಧಾಮಣಿ ತಲೆಯೆತ್ತಿ ನೋಡಿದಳು.

"ಯಾಕೆ, ಕೂರಂಗಿಲ್ವಾ?"

"ಏಳೋದು ಬರ್ದಿದ್ದೀನಿ, ರಾಧಾ. ಕೂರೋದು ಬರೆಯೋದ್ನ ಮರ್ತುಬುಟ್ಟೆ."

ಸೊಸೈಟಿಯಲ್ಲಿ ಅವನಿಗೆ ಕುರ್ಚಿಯೇ ಕೊಟ್ಟಿರಲಿಲ್ಲವಾದ್ದರಿಂದ ಈ ಕೊರತೆ ಅಲ್ಲಿ ಬೆಳಕಿಗೆ ಬಂದಿರಲಿಲ್ಲ. ಮೂರನೆಯ ಸಾಲಿನಲ್ಲಿದ್ದ ಶಾಲಿನಿ, ಕೂರುವ ವಿಷಯವನ್ನು ಹೊಸ ಸಂದರ್ಶನಗಳ ನಂತರ ಪರಿಶೀಲಿಸಲಾಗುವುದೆಂದು ಮೊಬೈಲಿನಲ್ಲಿ ಬರೆದುಕೊಂಡರು. ರಾಧಾಮಣಿ ಸೆರಗು ಸರಿಮಾಡಿಕೊಂಡು ತಾನೂ ಎದ್ದಳು. ನಿಂತಲ್ಲೇ ಕೊರಳಿಗೆ ತಾಳಿ ಬಿತ್ತು. ಅಂಬುಜಮ್ಮ ಅಕ್ಷತೆ ಎರಚಿ, ಹುಡುಗಿ ಒಳ್ಳೆಯವಳೆಂದು ಅವನ ಕಿವಿಯಲ್ಲಿ ಹೇಳಿದರು.

ಊಟಕ್ಕೆ ಎಲೆ ಹಾಕಿತ್ತು. ನಟರಾಜು ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ನಿಂತೇ ಉಂಡ, ಪಕ್ಕದಲ್ಲಿ ರಾಧಾಮಣಿಯೂ ನಿಂತೇ ಉಂಡಳು. ಅದನ್ನು ನೋಡಿ ಕನಕಪುರದ ಕಡೆಯವರು ಇಲ್ಲಿಯ ಪದ್ಧತಿಯೇ ಹೀಗಿರಬೇಕೆಂದುಕೊಂಡು ಎಲೆ ಎತ್ತಿಕೊಂಡು ಎದ್ದರು. ಮಾಗಡಿಯವರು, ಬೀಗರು ನಿಂತಿರುವಾಗ ಕೂರುವುದು ಸರಿಯಲ್ಲವೆಂದು ಎದ್ದರು. ಕೊನೆಗೆ ಮುನಿಶಾಮಯ್ಯನವರೂ ಎದ್ದು, ಇನ್ನೊಂದು ಸ್ವಲ್ಪ ಸಾರು ಹಾಕಿಸಿಕೊಂಡರು.