ಹನ್ನೆರಡು ಕರಿ ಕವಚಗಳು

ಪುಣೆಯಲ್ಲಿ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ, ಬೆರಳುದ್ದದ ಮಣ್ಣಿನ ಸೈನಿಕರನ್ನು ನಿಲ್ಲಿಸುತ್ತಾರೆ. ಒಂದೇ ಅಂಗಳದ ಸುತ್ತ ಇರುವ ನಮ್ಮ ವಾಡೆಯ ಹತ್ತು ಮನೆಗೂ ಸೇರಿ ಒಂದೇ ಕೋಟೆ. ವಾಡೆಗೆ ಹೊಸಬಳಾಗಿ ಎರಡು ವರ್ಷ ದೂರ ನಿಂತು ನೋಡಿದ್ದ ನನ್ನ ಮಗಳು ಪುಷ್ಪಾಳಿಗೆ ಮೂರನೆಯ ವರ್ಷ ಅದರಲ್ಲಿ ಪಾಲು ಸಿಕ್ಕಿತು. ಕೆಳಮನೆಯ ಹಿರಿಯ ಮರಾಠಿ ಹೆಂಗಸು, ವಾಡೆಗೆಲ್ಲ ಕಾಕು, ಹಂಚಿಕೆ ಮಾಡಿದರು: "ತುಮ್ಹಿ ವಿಜಾಪೂರಚೇ ನಾ? ಮಗ ಶತ್ರೂ ತುಮಚಾ!"

ಊರು ಬಿಜಾಪುರವಾದ ತಪ್ಪಿಗೆ, ಮರಾಠರ ಕೋಟೆಗೆ ಮುತ್ತಿಗೆ ಹಾಕುವ ಸುಲ್ತಾನರ ಶತ್ರು ಸೈನ್ಯ ನಮ್ಮ ಪಾಲಾಯಿತು.

ಕುಂಬಾರರ ಓಣಿಯಿಂದ ಹನ್ನೆರಡು ಸೈನಿಕರನ್ನು ತಂದೆ. ಬಣ್ಣ ಕಾಣದವರು, ಬೆಂಕಿ ಕಾಣದವರು. ಬರೀ ಬಿಸಿಲಿಗೆ ಒಣಗಿದವರು.

"ಅಪ್ಪಾ, ಕವಚ ಕರ್ರಗ ಇರಬೇಕು. ನೋಡಿದವರು ಅಂಜಬೇಕು," ಎಂದಳು ಪುಷ್ಪಾ.

ನಾನು ಬಿ.ಎಸ್ಸಿ. ವಂಶದ ಮೊದಲ ಪದವೀಧರ. ಅಪ್ಪ ಪುಣೆಯ ಹೊರಗೆ, ಕಾತ್ರಜದ ಆಚೆ ಖಣಿಯಲ್ಲಿ ಕಲ್ಲು ಒಡೆದು ಓದಿಸಿದರು. ಫಲಿತಾಂಶ ಬಂದಾಗ ಅವರಿರಲಿಲ್ಲ. ಅಂಥ ಪದವಿಗೆ ಒಂದು ಕರಿ ಬಣ್ಣ ಯಾವ ಲೆಕ್ಕ!

ನೀರಿನ ಕರಿ ಬಣ್ಣ ಒಂದು ಕೋಟ್ ಬಳಿದೆ. ಸಾಲದೆನಿಸಿತು. ಎರಡು. ಮೂರು. ಪಟ್ಟಿ, ಗುಂಡಿ, ಕವಚದ ಪದರು, ಎಲ್ಲ ಬಣ್ಣದಲ್ಲಿ ಹೂತುಹೋದವು. ಸುಟ್ಟ ಬದನೆಕಾಯಿಗಳ ಒಂದು ಪಡೆ ಸಿದ್ಧವಾಯಿತು.

ಹೆಂಡತಿ ಶಾರದಾ ಇಣುಕಿದಳು. "ಎದಿ ಯಾವುದ್ರಿ, ಬೆನ್ನು ಯಾವುದು? ರೊಟ್ಟಿ ಹಂಚು ನೋಡ್ರಿ. ಕರೀ ಅದ ಖರೆ, ಅಂಚು ಸವದು ಬೆಳ್ಳಗ ಹೊಳೀತದ. ಅದಕ್ಕ ಕಬ್ಬಿಣ ಅನಸ್ತದ. ಒಣ ಬ್ರಶ್ಶಿಗೆ ಚೂರು ಬೂದಿ ಬಣ್ಣ ಹಚ್ಚಿ ಅಂಚಿಗಷ್ಟ ಸವರ್ರಿ."

"ಕಪ್ಪು ಎಲ್ಲ ಬೆಳಕನ್ನೂ ಹೀರತದ. ಇದು ಭೌತಶಾಸ್ತ್ರ!"

"ನಾ ಏಳನೇ ಕ್ಲಾಸ್ ಕಲತಾಕಿ. ನಿಮಗೇನ್ ಹೇಳಲಿ," ಎಂದು ಒಳಗೆ ಹೋದಳು.

ಆದರೂ ಹಂಚು ಕಣ್ಣಿಗೆ ಕಟ್ಟಿತು. ಬಣ್ಣ ತೆಗೆದು ಹೊಸದಾಗಿ ಬಳಿಯಲು ನಿರ್ಧರಿಸಿದೆ. ನೀರಿನ ಬಣ್ಣ ನೀರಿನಲ್ಲೇ ಬಿಡಬೇಕು, ಇದು ರಸಾಯನಶಾಸ್ತ್ರ. ಹನ್ನೆರಡೂ ಜನರನ್ನು ವಿಧಿಪೂರ್ವಕವಾಗಿ ಬಕೆಟ್ಟಿಗೆ ಇಳಿಸಿ ಚಹಾ ಕುಡಿಯಲು ಹೋದೆ.

ಬಣ್ಣ ಬಿಟ್ಟಿತು. ಸೈನಿಕರೂ ಬಿಟ್ಟರು! ಮೊದಲು ತಲೆ, ಆಮೇಲೆ ಕೈ. ಕೈ ಹಾಕಿ ತೆಗೆದರೆ ಬಂದದ್ದು ಹನ್ನೆರಡು ಕರಿ ಮುದ್ದೆ.

ಪುಷ್ಪಾ ಶಾಲೆಯಿಂದ ಬಂದಳು. ಬಕೆಟ್ಟಿಗೆ ಇಣುಕಿದಳು.

"ಅಪ್ಪಾ, ನಾಳೆ ಎಲ್ಲಾರೂ ಯಾರ ಸಂಗಾಟ ಯುದ್ಧ ಮಾಡೋದು?"

ಕುಂಬಾರರ ಓಣಿಗೆ ಮತ್ತೆ ಓಡಿದೆ. ಒಬ್ಬ ಸೈನಿಕನೂ ಉಳಿದಿರಲಿಲ್ಲ.

ಮರುದಿನ ಅವಳು ಮುದ್ದೆಗಳನ್ನು ಹಳೆಯ ರಟ್ಟಿನ ಮೇಲೆ ಹೊತ್ತು ಕೆಳಗಿಳಿದಳು. ಪಾಲು ಪಾಲೇ, ಬರಿಗೈಲಿ ಹೋಗುವುದು ಹೇಗೆ? ಕೋಟೆಯ ಬುಡದಲ್ಲಿ ಒಂದೊಂದಾಗಿ ಇಟ್ಟು ದೂರ ಸರಿದು ನಿಂತಳು, ಹಿಂದಿನ ಎರಡು ವರ್ಷ ನಿಂತಿದ್ದ ಜಾಗದಲ್ಲೇ. ಕೋಟೆಯ ಮೇಲಿನ ಸೈನಿಕರು ಹಬ್ಬವಿಡೀ ಕತ್ತಿ ಎತ್ತಿಕೊಂಡು ಮುದ್ದೆಗಳನ್ನು ಕಾವಲು ಕಾದರು.

ಅವಳು ಸರಿದ ಕೂಡಲೇ ಕಾಕು ಬಗ್ಗಿ ನೋಡಿದರು. ಬಂಡೆಗಳೆಂದೇ ತಿಳಿದರು. "ಅಗಬಾಯಿ! ಖರೇ ದಗಡ ವಾಟತಾತ! ಕೋಣೀ ಕೇಲೇ?" ನಿಜವಾದ ಕಲ್ಲಿನಂತೆಯೇ ಇವೆ, ಯಾರು ಮಾಡಿದ್ದು ಎಂದು ವಾಡೆಗೆಲ್ಲ ಕೇಳುವಂತೆ ವಿಚಾರಿಸಿದರು.

ಪುಷ್ಪಾ ನನ್ನತ್ತ ಬೆರಳು ತೋರಿಸಿದಳು.

ಅಪ್ಪ ಕಲ್ಲು ಒಡೆದು ನನ್ನನ್ನು ಬಿ.ಎಸ್ಸಿ. ಮಾಡಿದರು. ನಾನು ಬಿ.ಎಸ್ಸಿ. ಮಾಡಿ ಕಲ್ಲು ಮಾಡಿದೆ!