ಯಗಟಿ ಜಾಡಿನ ಜೀಪು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿಯಲ್ಲಿ. ಹೀಗೆ ಇಸವಿ ಸಮೇತ ಹೇಳುವುದಕ್ಕೆ ಕಾರಣವಿದೆ. ನಾನು ಫೇಲಾಗಿ ಸ್ಕೂಲು ಬಿಟ್ಟೆ ಅಂತ ನಮ್ಮೂರಲ್ಲಿ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಫೇಲಾಗಬೇಕಾದರೆ ಪರೀಕ್ಷೆಗೆ ಕೂರಬೇಕು. ನಾನು ಕೂತೇ ಇಲ್ಲ. ಯಗಟಿ ಸ್ಕೂಲಿನಲ್ಲಿ ಮೇಷ್ಟ್ರು ‘ನಾಳೆಯಿಂದ ಸರಾಸರಿ ಲೆಕ್ಕ’ ಅಂತ ಬೋರ್ಡಿನ ಮೇಲೆ ಬರೆದ ದಿನವೇ ನಮ್ಮಪ್ಪ ಬಾವಿಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡ. ಮಾರನೆಯ ದಿನ ಸರಾಸರಿ ಸ್ಕೂಲಿಗೆ ಬಂತು, ನಾನು ಎತ್ತು ಕಟ್ಟಿ ಕಪಿಲೆಯಲ್ಲಿ ಬಾವಿಯ ನೀರೆತ್ತಲು ಹೋದೆ. ಅಲ್ಲಿಂದ ಮುಂದೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅದಕ್ಕೆ ನನಗೆ ಬೇಜಾರೇನೂ ಇಲ್ಲ. ಅಪ್ಪನ ಕಾಲು ನೆಟ್ಟಗಾಗುವಷ್ಟರಲ್ಲಿ ನಾನು ತೋಟದ ಪಾತಿ ಕಟ್ಟುವುದು, ಕಾಯಿ ಕೆಡವಿಸುವುದು, ಕುರಿ ವ್ಯಾಪಾರ ಎಲ್ಲ ಕಲಿತು, ದುಡಿಮೆಯಲ್ಲಿ ಊರಿಗೇ ಒಬ್ಬ ಅನ್ನಿಸಿಕೊಂಡಿದ್ದೆ. ಅನ್ನಿಸಿಕೊಂಡಿದ್ದೆ ಅಂದರೆ, ಬೇರೆಯವರು ಹೇಳದೆ ಹೋದಾಗ ನಾನೇ ಹೇಳಿಕೊಳ್ಳುತ್ತಿದ್ದೆ.

ಇಂಥವನ ಕೈಗೆ ಐವತ್ತಾರರಲ್ಲಿ ಒಂದು ಜೀಪು ಬಂತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದನ್ನು ಚಿಕ್ಕಮಗಳೂರಿನ ಕಾಫಿ ತೋಟದವರೊಬ್ಬರು ಕೊಂಡಿದ್ದರಂತೆ. ಅವರು ಕಾರು ತಗೊಂಡ ಮೇಲೆ ಅದನ್ನು ನನಗೆ ದಾಟಿಸಿದರು. ‘ಬರ್ಮಾದಲ್ಲಿ ಯುದ್ಧ ಮಾಡಿದ ಗಾಡಿ’ ಅಂತ ಹೇಳಿ ಹಿಂದಿನ ತಗಡಿನಲ್ಲಿದ್ದ ತೂತನ್ನು ತೋರಿಸಿದರು. ಗುಂಡಿನ ತೂತಂತೆ. ಊರಿಗೆ ತಂದು ಒಂದು ತಿಂಗಳು ಆ ತೂತಿನೊಳಗೆ ಬೆರಳಿಟ್ಟು ನೋಡಿಹೋಗಲು ಜನ ಬರುತ್ತಿದ್ದರು. ತಗಡು ಹಳೆಯದಾದರೂ ಅದರ ಎದೆಗಾರಿಕೆ ಹಳೆಯದಾಗಿರಲಿಲ್ಲ. ಗೇರಿನ ಪಕ್ಕ ಇನ್ನೊಂದು ಸಣ್ಣ ಕೋಲು. ಅದನ್ನು ಎಳೆದರೆ ಮುಂದಿನ ಚಕ್ರಗಳೂ ಹಿಂದಿನವುಗಳ ಜೊತೆ ಸೇರಿ ಎಳೆಯುತ್ತಿದ್ದವು. ಮಳೆ ಬಂದು ಹಳ್ಳದಲ್ಲಿ ಬಸ್ಸು ಹೂತುಕೊಂಡಾಗ, ಪ್ಯಾಸೆಂಜರುಗಳು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾಗ, ನನ್ನ ಜೀಪು ಅವರ ಪಕ್ಕದಲ್ಲೇ ಗುರ್ ಅಂತ ದಡ ಹತ್ತಿತು. ನಾನು ಹತ್ತಿಸಿದೆ ಅನ್ನುವುದು ತಪ್ಪು. ನಾನು ಸುಮ್ಮನೆ ಕೂತಿದ್ದೆ, ಅದು ಹತ್ತಿತು.

ಅದರ ಇನ್ನೊಂದು ವಿಶೇಷ, ಸ್ಟೇರಿಂಗು ಎಡಗಡೆಗಿತ್ತು. ಬಲಗಡೆ, ನಮ್ಮ ಕಡೆ ಡ್ರೈವರು ಕೂರುವ ಜಾಗದಲ್ಲಿ, ನಮ್ಮ ಮನೆಯವಳು ಗಿರಿಜೆ ಕೂರುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಕಡೂರು ಬಸ್‌ಸ್ಟ್ಯಾಂಡಿನ ಮುಂದೆ ಹಾದು ಹೋಗುವಾಗ ಒಬ್ಬ ಕೂಗಿಯೇ ಬಿಟ್ಟ: “ಲೇ, ನೋಡ್ರಲೇ, ಹೆಂಗ್ಸು ಜೀಪು ಹೊಡೀತಾವ್ಳೆ! ಗಂಡ ಪಕ್ಕದಾಗೆ ಆರಾಮಾಗಿ ಕುಂತವ್ನೆ!” ನನಗೆ ಮೈಯೆಲ್ಲ ಉರಿಯಿತು. ಗಿರಿಜೆ ಮಾತ್ರ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, “ಬೀರೂರು ದಾಟೋವರೆಗೂ ನಾನೇ ಹೊಡೀತೀನಿ ಬಿಡಿ” ಅಂದಳು.

ಗಿರಿಜೆ ನನ್ನ ಸೋದರಮಾವನ ಮಗಳು. ಮಾವನ ಊರು ಅಜ್ಜಂಪುರ ದಾಟಿ ಒಳಗೆ, ಕಪ್ಪು ನೆಲದ ಸೀಮೆ. ನಮ್ಮ ಮಾವ ಎತ್ತಿನ ಗತ್ತಿನ ಮನುಷ್ಯ. ಎಮ್ಮೆದೊಡ್ಡಿಯ ದನದ ಕಾವಲಿನ ಕಡೆ ಹೋಗಿ, ವಾರಗಟ್ಟಲೆ ದನಗಳ ಮಧ್ಯೆಯೇ ಅಡ್ಡಾಡಿ, ಎತ್ತು ಆರಿಸಿ ತರುವವನು. ಅವನ ಕಮಾನು ಗಾಡಿ ಬಂತೆಂದರೆ ಎತ್ತಿನ ಗೆಜ್ಜೆಯ ಸದ್ದಿಗೆ ನಮ್ಮವ್ವ ಒಲೆಯ ಮೇಲೆ ಪಾಯಸಕ್ಕಿಡುತ್ತಿದ್ದಳು, “ಅಣ್ಣ ಬಂದ” ಅಂತ. ಇಂಥ ಮಾವನಿಗೆ ನನ್ನ ಜೀಪು ಕಂಡರೆ ಆಗುತ್ತಿರಲಿಲ್ಲ. “ಮೇವು ತಿನ್ನಲ್ಲ, ಸಗಣಿ ಹಾಕಲ್ಲ. ಇದೇನು ಪ್ರಾಣಿನೋ?” ಅನ್ನುತ್ತಿದ್ದ.

ಈಗ ತೊಂದರೆಗೆ ಬರುತ್ತೇನೆ. ನಮ್ಮ ಕಡೆಯ ದಾರಿಗಳೆಲ್ಲ ಆಗ ಗಾಡಿಜಾಡುಗಳೇ. ಮಳೆಗಾಲದಲ್ಲಿ ಎತ್ತಿನ ಗಾಡಿಗಳ ಕಬ್ಬಿಣದ ಪಟ್ಟಿಯ ಗಾಲಿ ಮಣ್ಣನ್ನು ಕೊರೆದು ಎರಡು ಸಾಲು ಹಾಕುತ್ತದೆ. ಬಿಸಿಲು ಬಂದ ಮೇಲೆ ಆ ಎರಡು ಸಾಲೂ ಒಣಗಿ ಕಲ್ಲಾಗುತ್ತವೆ. ಎತ್ತಿನ ಗಾಡಿಗೆ ಅದು ರೈಲಿನ ಹಳಿ ಇದ್ದಂತೆ. ಆದರೆ ನನ್ನ ಜೀಪಿನ ಚಕ್ರಗಳ ನಡುವಿನ ಅಗಲ ನಮ್ಮೂರ ಗಾಡಿಗಿಂತ ಅರ್ಧ ಗೇಣಿನಷ್ಟು ಕಮ್ಮಿ. ಒಂದು ಕಡೆಯ ಚಕ್ರ ಜಾಡಿಗೆ ಇಳಿದರೆ ಇನ್ನೊಂದು ಕಡೆಯದು ನಡುವಿನ ದಿಬ್ಬದ ಮೇಲೆ. ಹೋಗುವಾಗ ಗಿರಿಜೆ ನನ್ನ ಮೇಲೆ ಬೀಳುತ್ತಿದ್ದಳು, ಬರುವಾಗ ನಾನು ಅವಳ ಮೇಲೆ. ಹೊಲದಲ್ಲಿ ಕಳೆ ಕೀಳುವ ಹೆಂಗಸರು ಕುಡುಗೋಲು ನಿಲ್ಲಿಸಿ ನೋಡಿ ನಗುತ್ತಿದ್ದರು. ಹೊಸದರಲ್ಲಿ ಇದು ತೊಂದರೆ ಅಂತ ನನಗೆ ಅನ್ನಿಸಲಿಲ್ಲ, ನಿಜ ಹೇಳಬೇಕು. ಆದರೆ ವರ್ಷ ತುಂಬುವಷ್ಟರಲ್ಲಿ ಅವಳು ಬಸುರಿಯಾದಳು. ಏಳನೇ ತಿಂಗಳಲ್ಲಿ ಬಾಣಂತನಕ್ಕೆ ತವರಿಗೆ ಕಳಿಸಬೇಕು. ಮಾವ ಹೇಳಿ ಕಳಿಸಿದ: “ಮಗಳನ್ನ ಕರ್ಕೊಂಡು ಹೋಗೋಕೆ ಗಾಡಿ ಕಟ್ಕೊಂಡು ಬತ್ತೀನಿ. ಆ ತಗಡಿನ ಡಬ್ಬ ಹತ್ತಿಸಬೇಡ.”

ಮನೆ ಬಾಗಿಲಲ್ಲಿ ಜೀಪು ಇಟ್ಟುಕೊಂಡು, ಹೆಂಡತಿಯನ್ನು ಎತ್ತಿನ ಗಾಡಿಯಲ್ಲಿ ಕಳಿಸಿದರೆ ನನ್ನ ಗತಿಯೇನು? ಹಠ ಹಿಡಿದೆ. ಗಿರಿಜೆ ನನ್ನ ಹಠವನ್ನೂ ಅವರಪ್ಪನ ಹಠವನ್ನೂ ಚಿಕ್ಕಂದಿನಿಂದ ಕಂಡವಳು. “ಜೀಪು ನೆಟ್ಟಗೆ ಹೋಗೋ ಹಾಗೆ ಮಾಡಿ, ಬತ್ತೀನಿ. ಆದ್ರೆ ನನಗಿಂತ ಮುಂಚೆ ಮೊಸರು ಹೋಗಿ ಬರಲಿ” ಅಂದಳು. “ಯಾವ ಮೊಸರು?” ಅಂದೆ. “ಒಂದು ಗಡಿಗೆ ಮೊಸರಿಗೆ ನೀರು ಬೆರೆಸಿ ನಾನು ಕೂರೋ ಸೀಟಿನ ಮೇಲಿಡ್ತೀನಿ. ನಮ್ಮಪ್ಪ ಪಕ್ಕದಲ್ಲಿ ಕೂತ್ಕೊಂಡು ನೋಡ್ಲಿ. ಚೆಲ್ಲದೆ ನಮ್ಮೂರು ಮುಟ್ಟಿದ್ರೆ ನಾನೂ ಹತ್ತೀನಿ.” ಪರೀಕ್ಷೆಗೆ ಕೂರದವನನ್ನು ಕೊನೆಗೂ ಕೂರಿಸಿದವಳು ಇವಳು.

ನಮ್ಮ ಗಾಡಿಯ ಗಾಲಿಯಿಂದ ಗಾಲಿಗೆ ಹಗ್ಗ ಹಿಡಿದೆ. ಸರಿಯಾಗಿ ಆರು ಗೇಣು. ಎರಡು ತುದಿಗೂ ಗಂಟು ಹಾಕಿ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ತರೀಕೆರೆಗೆ ಹೋದೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಕರೀಂ ಸಾಬರ ವರ್ಕ್‌ಶಾಪು. ಸಾಬರಷ್ಟು ಮಾತನಾಡುವ ಮೆಕ್ಯಾನಿಕ್ಕನ್ನು ನಾನು ಕಂಡಿಲ್ಲ. ಗಾಡಿಯ ಕೆಳಗೆ ಮಲಗಿದ್ದರೂ ಮಾತು ಹೊರಗೆ ಬರುತ್ತಿರುತ್ತಿತ್ತು. ನಾನು ಹಗ್ಗ ಬಿಚ್ಚಿ ತೋರಿಸಿದೆ. “ಅರೆ ಸ್ವಾಮಿ, ಎಲ್ಲಾರೂ ರಸ್ತೆ ರಿಪೇರಿ ಮಾಡಿಸ್ತಾರೆ. ನೀವು ರಸ್ತೆಗೆ ತಕ್ಕಂಗೆ ಜೀಪು ರಿಪೇರಿ ಮಾಡಿಸ್ತೀರಲ್ಲ!” ಅಂದರು. ಆದರೆ ಕೈಹಾಕಿದ ಮೇಲೆ ಆ ಕೈಯನ್ನು ನೋಡುತ್ತಲೇ ಇರಬೇಕು ಅನ್ನಿಸಿತು. ರಿಮ್ಮಿನ ನಡುವೆ ನಟ್ಟು ಕೂರುವ ತಟ್ಟೆಯಿದೆಯಲ್ಲ, ಅದನ್ನು ಕತ್ತರಿಸಿ, ಮಗುಚಿ, ಮತ್ತೆ ವೆಲ್ಡಿಂಗ್ ಮಾಡಿದರು. ನಾಲ್ಕೂ ಚಕ್ರ ಹೊರಗೆ ಸರಿದು ನಿಂತವು. ಹಗ್ಗ ಹಿಡಿದು ನೋಡಿದರೆ ಗಂಟಿಗೆ ಗಂಟು ಸರಿ. ಬರುವಾಗ ಗುಂಡಿನ ತೂತನ್ನು ತೋರಿಸಿದೆ. ಸಾಬರು ಕಣ್ಣಿಟ್ಟು ನೋಡಿ, “ತುಕ್ಕು” ಅಂದರು. ಅವರು ಒಂದೇ ಮಾತಿನಲ್ಲಿ ಮುಗಿಸಿದ್ದು ಅದೊಂದೇ ಸಲ.

ಚಕ್ರ ಹೊರಗೆ ಬಂದದ್ದರಿಂದ ಒಂದು ಹೊಸ ಸಂಗತಿ ನಡೆಯಿತು. ದಾರಿಯ ಕೆಸರು, ಸಗಣಿ, ಯಾರೋ ಉಗಿದ ಎಲೆಯಡಿಕೆ, ಎಲ್ಲವೂ ಮಡ್‌ಗಾರ್ಡು ತಪ್ಪಿಸಿಕೊಂಡು ನೇರ ನನ್ನ ಮುಖಕ್ಕೇ ಬರತೊಡಗಿದವು. ಯಗಟಿಗೆ ಬಂದಿಳಿದಾಗ ಅವ್ವ ಗುರುತು ಹಿಡಿಯಲಿಲ್ಲ. ಡಾಂಬರಿನ ಡ್ರಮ್ಮು ಸೀಳಿಸಿ, ಅದರ ತಗಡನ್ನು ಮಡ್‌ಗಾರ್ಡಿಗೆ ಸೇರಿಸಿ ಅಗಲ ಮಾಡಿಸಿದೆ. ಆನೆಯ ಕಿವಿ ಬಂದಂತಾಯಿತು. ಇರಲಿ, ಚೆಲುವು ನೋಡಿ ನಾನೇನು ಅದನ್ನು ತಂದವನಲ್ಲ.

ಮಾವ ಕಮಾನು ಗಾಡಿ ಕಟ್ಟಿಕೊಂಡು ಬಂದೇ ಬಿಟ್ಟ. ಮೊಸರಿನ ಪರೀಕ್ಷೆಯ ವಿಚಾರ ಕೇಳಿ ಮೀಸೆಯಲ್ಲೇ ನಕ್ಕ. “ಆಗ್ಲಿ ಕಣೋ ಅಳಿಯಾ. ಚೆಲ್ಲಿದ್ರೆ ನನ್ನ ಗಾಡಿ, ಚೆಲ್ಲದಿದ್ರೆ ನಿನ್ನ ಡಬ್ಬ” ಅಂದು, ಮಡಿ ಪಂಚೆ ಉಟ್ಟು, ಬಲಗಡೆಯ ಸೀಟಿನಲ್ಲಿ ಕೂತ. ಸೀಟಿನ ಮೇಲೆ ಹಾಗೇ ಇಟ್ಟರೆ ಗಡಿಗೆ ಉರುಳೀತು ಅಂತ ಅದನ್ನು ಅವನ ಮೊಣಕಾಲುಗಳ ನಡುವೆ ಇಟ್ಟಳು ಗಿರಿಜೆ. ಜೀಪು ನಮ್ಮೂರ ಜಾಡಿಗೆ ಇಳಿಯಿತು ನೋಡಿ, ಆ ಸುಖ ಹೇಗೆ ಹೇಳಲಿ! ನಾಲ್ಕೂ ಚಕ್ರ ಜಾಡಿನಲ್ಲಿ ಕೂತು ಹಾವು ಹರಿದ ಹಾಗೆ ಹರಿಯಿತು. ರೈಲಿಗೆ ಸರಕಾರ ಹಳಿ ಹಾಕಿಕೊಟ್ಟಿದೆ. ನನಗೆ ಹಾಕಿಕೊಟ್ಟವು ನಮ್ಮೂರ ಎತ್ತುಗಳು. ನಾನು ಸ್ಟೇರಿಂಗಿನಿಂದ ಎರಡೂ ಕೈ ಎತ್ತಿ, “ಮಾವ, ನೋಡು” ಅಂದೆ. ಜೀಪು ತಾನಾಗಿ ತಿರುವಿನಲ್ಲಿ ತಿರುಗಿತು. ಮಾವ ಗಡಿಗೆಯನ್ನು ತಬ್ಬಿಕೊಂಡು, “ದಾರಿ ಬಲ್ಲ ಎತ್ತೂ ಹಿಂಗೇ ಕಣೋ. ಹಗ್ಗ ಹಿಡಿಯಂಗೇ ಇಲ್ಲ” ಅಂದ. ಜೀಪನ್ನು ಅವನು ಎತ್ತಿಗೆ ಹೋಲಿಸಿದ್ದು ಅದೇ ಮೊದಲು. ಕಡೂರು ಬಂತು, ಬೀರೂರು ಬಂತು, ಅಜ್ಜಂಪುರವೂ ಬಂತು. ಒಂದು ಹನಿ ಚೆಲ್ಲಿರಲಿಲ್ಲ. ಗೆದ್ದೆ ಅಂದುಕೊಂಡೆ.

ಅಜ್ಜಂಪುರ ದಾಟಿ ಮಾವನ ಊರಿನ ದಾರಿಗೆ ಇಳಿದೆ. ಕಪ್ಪು ಮಣ್ಣು ಒಣಗಿ ಬಂಡೆಯಾಗಿತ್ತು, ಜಾಡು ಮೊಣಕಾಲಷ್ಟು ಆಳ. ಎಡಗಡೆಯ ಚಕ್ರ ಜಾಡಿಗೆ ಧಡ್ ಅಂತ ಇಳಿಯಿತು, ಬಲಗಡೆಯದು ದಿಬ್ಬ ಹತ್ತಿತು. ಜೀಪು ವಾಲಿತು, ಮಾವ ವಾಲಿದ, ಗಡಿಗೆ ಎದ್ದು ಮಾವನ ಎದೆಗೆ ಬಡಿಯಿತು. ಬ್ರೇಕು ಹಾಕಿ ತಿರುಗಿ ನೋಡಿದರೆ ಅಲ್ಲಿ ಮಾವ ಇರಲಿಲ್ಲ. ಮಾವನ ಆಕಾರದ ಮೊಸರು ಕೂತಿತ್ತು. ಅದರೊಳಗಿಂದ ಮಾವ ನಾಲಗೆ ಚಾಚಿ ಮೀಸೆ ಸವರಿಕೊಂಡು, “ಮೊಸರು ಚೆನ್ನಾಗೈತೆ. ಹುಳಿ ಇಲ್ಲ” ಅಂದ.

ಕೆಳಗಿಳಿದವನೇ ಪಂಚೆ ಹಿಂಡಿಕೊಂಡು ಜಾಡಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಗೇಣು ಹಾಕತೊಡಗಿದ. ಜೀಪಿಗೆ ಆರು ಗೇಣು. ಜಾಡಿಗೆ ಆರು ಗೇಣು, ಮೇಲೆ ನಾಲ್ಕು ಬೆರಳು. ಅವರ ಸೀಮೆಯ ಬಡಗಿಗಳು ಗಾಡಿಯನ್ನೇ ಅಷ್ಟು ಅಗಲ ಮಾಡುತ್ತಾರೆ. ನಾನು ನನ್ನೂರ ಗಾಡಿಯನ್ನು ಅಳೆದು ಲೋಕವನ್ನೇ ಅಳೆದೆ ಅಂದುಕೊಂಡಿದ್ದೆ. ಬಯ್ಯುತ್ತಾನೆ ಅಂತ ತಲೆ ತಗ್ಗಿಸಿ ನಿಂತೆ. ಮಾವ ಮಾತ್ರ ಬದುವಿನ ಮೇಲೆ ಕೂತು ನಗಲು ಶುರುಮಾಡಿದ. ಮೊಸರು ಮೈಮೇಲೆ ಒಣಗುವವರೆಗೂ ನಕ್ಕ. “ಲೇ ಅಳಿಯಾ, ನಿಮ್ಮವ್ವನ್ನ ಯಗಟಿಗೆ ಕೊಟ್ಟಾಗಿನಿಂದ ನಿಮ್ಮ ಸೀಮೆಗೆ ಬಂದ್ರೆ ನನ್ನ ಗಾಡಿ ಒಂದು ಮಗ್ಗುಲಿಗೆ ಎಳೀತದೆ. ಎಡಗಡೆ ಎತ್ತಿನ ತಪ್ಪು ಅಂತ ಬದಲಾಯಿಸ್ದೆ. ಹೊಸದೂ ಹಂಗೇ ಎಳೀತು. ಅದಕ್ಕೂ ಬೈದೆ. ಎಂಥ ಎತ್ತುಗಳು ಕಣೋ ಅವು! ನನ್ನ ಬೈಗುಳ ತಿಂದ್ಕೊಂಡೇ ಎಳದ್ವು” ಅಂದ. ಕಣ್ಣೊರೆಸಿಕೊಂಡು, “ಹಂಗಾದ್ರೆ ಗಿರಿಜೆ ನನ್ನ ಗಾಡಿ ಹತ್ತಿದ್ರೆ ನಿಮ್ಮ ಸೀಮೇಲಿ ವಾಲ್ತಾಳೆ, ನಿನ್ನ ಗಾಡಿ ಹತ್ತಿದ್ರೆ ನಮ್ಮ ಸೀಮೇಲಿ ವಾಲ್ತಾಳೆ” ಅಂದ. ಆಮೇಲೆ ಜೀಪಿನ ಆನೆಕಿವಿಯನ್ನು ತಟ್ಟಿ, “ಇದಕ್ಕೆ ಕಾಲು ಬದಲಾಯಿಸಬೋದಾ?” ಅಂತ ಕೇಳಿದ. ಎತ್ತಿಗಾಗಿ ಜೀವ ಬಿಡುವ ಮನುಷ್ಯ, ಮೈಮೇಲೆ ಮೊಸರು ಸುರಿದುಕೊಂಡು, ನನಗೆ ಹೊಳೆಯದ್ದನ್ನು ಕೇಳಿದ್ದ. ಅವತ್ತಿನಿಂದ ನಾನು ಅವನ ಮೀಸೆಗೆ ಮರ್ಯಾದೆ ಕೊಡುತ್ತೇನೆ.

ಇಬ್ಬರೂ ಅಲ್ಲಿಂದಲೇ ತರೀಕೆರೆಗೆ ತಿರುಗಿದೆವು. ಇನ್ನೂ ನಾಲ್ಕು ಚಕ್ರ ಮಾವನದೇ ಉಡುಗೊರೆ. ಮದುವೆಯಲ್ಲಿ ನಾನು ವಾಚು ಕೂಡ ಕೇಳಿರಲಿಲ್ಲ, ಅದು ಅವನ ಮನಸ್ಸಿನಲ್ಲಿತ್ತಂತೆ. ಸಾಬರು ಒಂದೊಂದು ಕಡೆಗೂ ಎರಡೆರಡು ಬೆರಳಿನ ಕಬ್ಬಿಣದ ಬಳೆ ಕೂರಿಸಿ ಅಜ್ಜಂಪುರದ ಅಳತೆ ತಂದುಕೊಟ್ಟರು. ಆ ನಾಲ್ಕು ಚಕ್ರಗಳನ್ನು ಅಜ್ಜಂಪುರದಲ್ಲಿ, ನಾನು ತೆಂಗಿನಕಾಯಿ ಮಾರುವ ಮಂಡಿಯಲ್ಲಿ ಇಟ್ಟೆವು. ಮಾವ ತನ್ನ ಗಾಡಿ ಕಟ್ಟಿಕೊಂಡು ಮುಂಚೆಯೇ ಊರಿಗೆ ಹೋದ. ನಾಲ್ಕು ದಿನ ಬಿಟ್ಟು ಗಿರಿಜೆ ಹೊರಟಳು, ಮಡಿಲಲ್ಲಿ ಹೊಸ ಮೊಸರಿನ ಗಡಿಗೆ ಇಟ್ಟುಕೊಂಡು. ಪರೀಕ್ಷೆ ಇನ್ನೂ ಮುಗಿದಿಲ್ಲವಂತೆ. ಅಜ್ಜಂಪುರದಲ್ಲಿ ಅವಳನ್ನು ಮರದ ನೆರಳಲ್ಲಿ ಕೂರಿಸಿ, ಮಂಡಕ್ಕಿ ಕೊಡಿಸಿ, ನಾನು ಜಾಕಿ ಹಾಕಿದೆ. ಜನ ಸೇರಿದರು. “ಪಂಚರ್ರಾ ಯಜಮಾನ್ರೇ?” “ಅಲ್ಲಪ್ಪ.” “ಮತ್ತೆ ನಾಲ್ಕೂ ಬಿಚ್ತಾ ಇದೀರಿ?” ನಾನು ಇನ್ನೊಂದು ನಟ್ಟು ಬಿಚ್ಚುವಷ್ಟರಲ್ಲಿ ಗಿರಿಜೆ ಮಂಡಕ್ಕಿ ಅಗಿಯುತ್ತಲೇ ಹೇಳಿದಳು: “ನಮ್ಮ ಗಾಡಿ ನಿಮ್ಮ ಸೀಮೆಗೆ ಬರುವಾಗ ಚಪ್ಪಲಿ ಬದಲಾಯಿಸ್ತದೆ ಕಣಪ್ಪಾ. ಮರ್ಯಾದೆ ಗೊತ್ತಿರೋ ಗಾಡಿ.”

ಕಪ್ಪು ನೆಲದ ಜಾಡಿಗೆ ಜೀಪು ಇಳಿದದ್ದು ಗೊತ್ತೇ ಆಗಲಿಲ್ಲ. ಮಾವನ ಮನೆ ಬಾಗಿಲಲ್ಲಿ ಅವಳು ಗಡಿಗೆ ಹಿಡಿದು ಇಳಿದಾಗ, ಸೀರೆಯ ಮೇಲೆ ಒಂದು ಹನಿ ಇರಲಿಲ್ಲ. ಮಾವ ನನ್ನ ಬೆನ್ನು ತಟ್ಟಿದ. ನಾನು ಎದೆ ಉಬ್ಬಿಸಿ ನಿಂತೆ. ಅತ್ತೆ ಗಡಿಗೆಯ ಮುಚ್ಚಳ ತೆಗೆದು ನೋಡಿ, “ಅಯ್ಯೋ, ಇದೇನೇ ಗಿರಿಜಾ!” ಅಂದರು. ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ತೇಲುತ್ತಿತ್ತು. ಗಿರಿಜೆ ನನ್ನ ಕಡೆ ನೋಡಿ, “ಚೆಲ್ಲಿಲ್ಲ, ನಿಜ. ಆದ್ರೆ ಕಡೆದಿದೀರಿ” ಅಂದಳು.

ಎರಡು ತಿಂಗಳಿಗೆ ಹೆಣ್ಣುಮಗು ಹುಟ್ಟಿತು, ಗುಂಡುಗುಂಡಗೆ. ಅದನ್ನು ಮಾವ ಇವತ್ತಿಗೂ ಬೆಣ್ಣೆ ಅಂತಲೇ ಕರೆಯುವುದು. ಬೆಣ್ಣೆ ಈಗ ಯಗಟಿ ಸ್ಕೂಲಿನಲ್ಲಿ ನಾನು ಬಿಟ್ಟ ಕಡೆಗೆ ಬಂದಿದ್ದಾಳೆ. ಮೊನ್ನೆ ಸ್ಲೇಟು ಹಿಡಿದು ಬಂದು, “ಅಪ್ಪ, ಸರಾಸರಿ ಹೇಳಿಕೊಡು” ಅಂದಳು. “ಹಾಗಂದ್ರೇನು?” ಅಂದೆ. ಅವಳೇ ನನಗೆ ಹೇಳಿಕೊಟ್ಟಳು: “ನಮ್ಮೂರ ಗಾಡಿ ಆರು ಗೇಣು, ತಾತನ ಊರಿಂದು ಆರು ಗೇಣು ನಾಲ್ಕು ಬೆರಳು. ಎರಡರ ಸರಾಸರಿ ಆರು ಗೇಣು ಎರಡು ಬೆರಳು.” ನಾನು, “ಆ ಅಳತೆಯ ಜಾಡು ಯಾವ ಊರಲ್ಲಿದೆ ಮಗಳೇ?” ಅಂದೆ. ಅವಳು ಸ್ಲೇಟು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಅವರಮ್ಮನನ್ನು ಕೇಳಲು ಒಳಗೆ ಹೋದಳು. ನಲವತ್ತನಾಲ್ಕರಲ್ಲಿ ಒಂದು ದಿನ ತಡವಾಗಿ ಸ್ಕೂಲು ಬಿಟ್ಟಿದ್ದರೆ, ಎರಡು ಸೀಮೆಯ ಜಾಡಿಗೂ ಸಲ್ಲದ ಜೀಪು ಮಾಡಿಸಿಕೊಂಡು ಎರಡು ಕಡೆಯೂ ವಾಲುತ್ತಿದ್ದೆನಲ್ಲ ಅಂತ ನೆಮ್ಮದಿಯಾಯಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಜೀಪು ಒಂದು, ಚಕ್ರ ಎಂಟು, ತುಕ್ಕಿನ ತೂತು ಒಂದು. ಮಾವ ಒಬ್ಬ, ಹೆಂಡತಿ ಒಬ್ಬಳು, ಮಗಳು ಒಬ್ಬಳು. ಪಾಸಾದ ಪರೀಕ್ಷೆ ಒಂದು. ಅದರಲ್ಲೂ ಬೆಣ್ಣೆ ಬಂದದ್ದಕ್ಕೆ ಗಿರಿಜೆ ಮಾರ್ಕು ಕಳೆದಿದ್ದಾಳೆ.