ಆರು ವರ್ಷದ ಸಬೂತು

ಅಮರಗುಂಡಪ್ಪ: ನೀ ಆರು ವರ್ಷ ಏನೂ ಓದಿಲ್ಲ ಅನ್ನಾಕ ಸಬೂತು ಏನೈತಿ?

ನಾನು: ನನ್ನ ಕೂಡ ಎರಡು ನಿಮಿಷ ಮಾತಾಡ್ರಿ ಸರ್, ತಿಳಿತೈತಿ.

ಸಿಂಧನೂರಿನ ಪದವಿ ಕಾಲೇಜೊಂದರ ಕಚೇರಿ. ಬಿ.ಎ. ಪ್ರವೇಶಕ್ಕೆ ಇವತ್ತೇ ಕೊನೆಯ ದಿನ. ಕಿಟಕಿಯ ಆಚೆ ಗುಮಾಸ್ತ ಅಮರಗುಂಡಪ್ಪನವರು, ಈಚೆ ನಾನು. ಪಿಯುಸಿ ಮುಗಿಸಿ ಆರು ವರ್ಷ ರೈಸ್ ಮಿಲ್ಲಿನ ಕಾಟಾದಲ್ಲಿ ಲಾರಿ ತೂಗಿದವನಿಗೆ ಈಗ ಇತಿಹಾಸ ಓದುವ ಆಸೆ. ಆಗಿ ಮುಗಿದ ವಿಷಯ, ಹೊಸ ಪಾಠ ಸೇರುವ ಭಯವಿಲ್ಲ ಎಂಬುದು ನನ್ನ ಅಂದಾಜು. ಪಿಯುಸಿಯಲ್ಲಿ ಇತಿಹಾಸ ಓದಿರಲೇಬೇಕೆಂಬ ನಿಯಮವೂ ಇಲ್ಲವೆಂದು ಕೇಳಿದಾಗ, ವಿಜ್ಞಾನದಲ್ಲಿ ತೆವಳಿ ಪಾಸಾದ ನನಗೆ ಹೋದ ಜೀವ ಬಂದಂತಾಗಿತ್ತು.

ಅಂಕಪಟ್ಟಿ, ಟಿ.ಸಿ., ಆಧಾರ್, ಫೋಟೊ ಎಲ್ಲವೂ ಇದ್ದವು. ತಕರಾರು ಎದ್ದದ್ದು ನಡುವಿನ ಆರು ವರ್ಷಕ್ಕೆ. ಆ ಅವಧಿಯಲ್ಲಿ ಎಲ್ಲಿಯೂ ವ್ಯಾಸಂಗ ಮಾಡಿರುವುದಿಲ್ಲವೆಂದು ನೋಟರಿ ಕಡೆ ಅಫಿಡವಿಟ್ ಮಾಡಿಸಿದ್ದೆ. ಅದು ನೀನೇ ನಿನ್ನ ಬಗ್ಗೆ ಹೇಳಿಕೊಂಡದ್ದು, ನಡೆಯುವುದಿಲ್ಲ ಎಂದರು. ಚೀಲದಿಂದ ಕಾಟಾದ ಚೀಟಿಗಳ ಕಟ್ಟು ತೆಗೆದು ಮುಂದಿಟ್ಟೆ.

ಅಮರಗುಂಡಪ್ಪ: ಇದರಾಗ ಲಾರಿ ಐತಿ, ನೆಲ್ಲು ಐತಿ. ನೀ ಎಲ್ಲಿ ಅದೀ?

ನಾನು: ನಾ ತೂಗಾಕತ್ತಿದ್ನಲ್ರಿ.

ಅಮರಗುಂಡಪ್ಪ: ಲಾರಿ ಇತ್ತು ಅನ್ನಾಕ ಸಬೂತಾತು. ಲಾರಿ ಬರಲಿ, ಅಡ್ಮಿಷನ್ ಕೊಡ್ತೀನಿ.

ಅಷ್ಟರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ ಮೆಹರಬಾನು ಮೇಡಂ ಒಳಗೆ ಬಂದರು. ಅವರ ಸಂಕಟವೇ ಬೇರೆ. ಇತಿಹಾಸಕ್ಕೆ ಹದಿನಾಲ್ಕು ಮಂದಿ ಬಂದಿದ್ದಾರೆ. ಸಂಜೆಯೊಳಗೆ ಹದಿನೈದಾಗದಿದ್ದರೆ ಈ ವರ್ಷ ವಿಷಯವೇ ಬಂದ್, ಮೇಡಂ ತಮ್ಮೂರು ಮುದಗಲ್ಲಿಗೆ ವಾಪಸ್. ನನ್ನನ್ನು ಕಂಡದ್ದೇ ಒಳಗೆ ಕರೆದು ತಾವೇ ಕುರ್ಚಿ ಎಳೆದು ಹಾಕಿದರು. ಜನ್ಮದಲ್ಲಿ ಯಾವ ಕಾಲೇಜಿಗೂ ನಾನು ಇಷ್ಟು ಬೇಕಾಗಿರಲಿಲ್ಲ.

ಬದುಕಿಕೊಂಡೆ ಅಂದುಕೊಂಡೆ. ಆದರೆ ಮೇಡಂ ಕಣ್ಣು ಚೀಟಿಗಳ ಮೇಲೆ ಬಿತ್ತು.

ಮೆಹರಬಾನು: ಅಮರಗುಂಡಪ್ಪನವರ, ಇವು ಮೂಲ ಆಕರ. ಒಗಿಬ್ಯಾಡ್ರಿ.

ಚೀಟಿಗಳನ್ನು ವರ್ಷದ ಪ್ರಕಾರ ಮೇಜಿನ ತುಂಬ ಹರಡಿದರು. ಚೀಟಿಯಲ್ಲಿ ನನ್ನ ಅಕ್ಷರ ದುಂಡಗಿದ್ದ ಮೊದಲ ವರ್ಷ ಏಳಿಗೆಯ ಕಾಲವಂತೆ. ಎರಡನೇ ವರ್ಷದಿಂದ ಚಹಾದ ಕಲೆ, ಅಲ್ಲಿಂದ ಅವನತಿ. ಸುವರ್ಣಯುಗ ಯಾವುದೆಂದು ಕೇಳಿದೆ. ಇನ್ನೂ ಸಿಕ್ಕಿಲ್ಲ ಅಂದರು.

ಮೆಹರಬಾನು: ಇಲ್ಲಿ ಹನ್ನೊಂದು ವಾರ ಒಂದೂ ಚೀಟಿ ಇಲ್ಲ. ಏನಾತು?

ನಾನು: ಬ್ಯಾಸಗಿ ಬೆಳಿಗೆ ಕಾಲುವಿ ನೀರು ಬಿಡಲಿಲ್ರಿ. ಮಿಲ್ ಬಂದ್ ಇತ್ತು. ಮನ್ಯಾಗ ಮಲಗಿದ್ದೆ.

ಮೆಹರಬಾನು: ಮಲಗಿದ್ದಕ್ಕ ಆಕರ?

ಅಮರಗುಂಡಪ್ಪ: ಮೇಡಂ, ಊಟದ ಹೊತ್ತಾತು. ಮಲಗಿದ್ನಂತ, ಬಿಡ್ರಿ. ನಾ ಸಿಕ್ಕಾ ಹೊಡೀತೀನಿ.

ಮೆಹರಬಾನು: ಹೊಡೀಬ್ಯಾಡ್ರಿ. ನನ್ನ ನೌಕರಿ ಹೋದ್ರ ಹೋಗಲಿ, ಒಂದ ಆಕರ ನಂಬಿ ನಾ ಸಹಿ ಮಾಡಂಗಿಲ್ಲ. ಇನ್ನೊಬ್ರ ಸಾಕ್ಷಿ ಬೇಕು.

ಈಗ ಅಮರಗುಂಡಪ್ಪನವರು ನನ್ನ ಕಡೆಯ ವಕೀಲರಾಗಿ ವಾದಕ್ಕೆ ನಿಂತರು. ಹುಡುಗನ ಮುಖ ನೋಡಿದರೆ ಮಲಗಿದ್ದು ಗೊತ್ತಾಗುವುದಿಲ್ಲವೇ ಎಂದರು. ಮೇಡಂ ಬಗ್ಗಲಿಲ್ಲ. ಕೊನೆಗೆ ನಾನು ಪಾಮನಕಲ್ಲೂರಿಗೆ, ಅವ್ವ ಗಿರಿಯಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಆರು ವರ್ಷ ನಾನು ಓದಿಲ್ಲವೆಂದು ಹೇಳಿದರೆ ಸಾಕು ಅಂದೆ.

ಗಿರಿಯಮ್ಮ: ಆರಕ್ಕ ಯಾಕ ನಿಂತೀರಿ? ಹುಟ್ಟಿದಾಗಿಂದ ಓದಿಲ್ರಿ ಅಂವ.

ಅಮರಗುಂಡಪ್ಪನವರ ಕೈಯ ಪೆನ್ನು ನಿಂತಿತು. ಹಾಗಾದರೆ ಗ್ಯಾಪು ಇಪ್ಪತ್ನಾಲ್ಕು ವರ್ಷವಾಯಿತು, ಪಿಯುಸಿ ಅಂಕಪಟ್ಟಿ ಗ್ಯಾಪಿನೊಳಗೇ ಬಂತು ಎಂದು ಕಂಗಾಲಾದರು. ಮೇಡಂ ಮಾತ್ರ ಫೋನಿಗೆ ಬಗ್ಗಿ, ಆ ಹನ್ನೊಂದು ವಾರದ ಬಗ್ಗೆ ಕೇಳಿದರು. ತಡೀರಿ, ಕ್ಯಾಲೆಂಡರ್ ತೆಗೀತೀನಿ ಅಂದಳು ಅವ್ವ. ಮದುವೆಯಾದಾಗಿನಿಂದ ಗೋಡೆಯ ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ದಿನದ ಸುದ್ದಿ ಬರೆದು, ವರ್ಷ ಮುಗಿದ ಮೇಲೆ ಸುರುಳಿ ಸುತ್ತಿ ಟ್ರಂಕಿನಲ್ಲಿಡುವುದು ಅವಳ ರೂಢಿ.

ಗಿರಿಯಮ್ಮ: ಏಪ್ರಿಲ್ ಒಂಬತ್ತು. ಎಮ್ಮಿ ಈದೈತಿ, ಮಗ ಎದ್ದಿಲ್ಲ. ಹತ್ತು. ಗ್ಯಾಸ್ ಬಂತು, ಮಗ ಎದ್ದಿಲ್ಲ. ಹನ್ನೊಂದು. ಕರು ಎದ್ದು ನಿಂತೈತಿ...

ನಾನು: ಸಾಕವ್ವಾ.

ಮೆಹರಬಾನು: ಅಮ್ಮಾರ, ನಿಲ್ಲಿಸಬ್ಯಾಡ್ರಿ. ನೀವು ಎಷ್ಟನೇತ್ತಿ ತನಕ ಓದೀರಿ?

ಲಿಂಗಸುಗೂರಿನಲ್ಲಿ ಪಿಯುಸಿ ಪಾಸಾಗಿದ್ದೆ, ಮದುವೆಯಾಗಿ ಬಿಟ್ಟೆ, ಇಪ್ಪತ್ತಾರು ವರ್ಷವಾಯಿತು ಎಂದಳು ಅವ್ವ. ಮೇಡಂ ಅಮರಗುಂಡಪ್ಪನವರನ್ನು ನೋಡಿದರು. ಅಮರಗುಂಡಪ್ಪನವರು ನಿಯಮದ ಪುಸ್ತಕ ತಿರುವಿ, ವಯಸ್ಸಿಗೆ ಮಿತಿ ಇಲ್ಲ ಅಂದರು. ಇಬ್ಬರೂ ನನ್ನನ್ನು ನೋಡಲಿಲ್ಲ.

ನಾಲ್ಕು ಗಂಟೆಗೆ ಅವ್ವ ಬಸ್ಸಿಳಿದಳು. ಕೈಯಲ್ಲಿ ಅಂಕಪಟ್ಟಿ, ಬಗಲಲ್ಲಿ ಇಪ್ಪತ್ತಾರು ಕ್ಯಾಲೆಂಡರುಗಳ ಗಂಟು. ಅವಳ ಕಾಗದಗಳನ್ನು ನಾನು ಝೆರಾಕ್ಸ್ ಮಾಡಿಸಿ ಕಚೇರಿಯ ಬಾಗಿಲಿಗೆ ಬರುವಷ್ಟರಲ್ಲಿ ಹದಿನೈದನೆಯ ಹೆಸರು ಅವಳದಾಗಿತ್ತು. ನನ್ನದು ಹದಿನಾರು. ಇನ್ನು ಮೂರು ವರ್ಷ ಕ್ಲಾಸಿನಲ್ಲಿ ನಾನು ಮಲಗಿದ್ದು ಪಕ್ಕದ ಬೆಂಚಿನಲ್ಲೇ ದಾಖಲಾಗುತ್ತದೆ ಎಂಬುದು ಆಗ ಹೊಳೆಯಿತು. ಮೇಡಂ ಕ್ಯಾಲೆಂಡರುಗಳಲ್ಲಿ ಮುಳುಗಿದ್ದರು. ಅಮರಗುಂಡಪ್ಪನವರು ಅವ್ವನ ಅರ್ಜಿಯ ಕೊನೆಯ ಸಾಲಿಗೆ ಬಂದರು.

ಅಮರಗುಂಡಪ್ಪ: ಗ್ಯಾಪಿಗೆ ಕಾರಣ ಏನು ಬರೀಲಿ ತಾಯಿ?

ಗಿರಿಯಮ್ಮ: ಬಾಗಲ್ದಾಗ ನಿಂತೈತಲ್ರಿ.